ವಾಚು ಕೊಳ್ಳದವನ ಜಿನೀವಾ

ಜಿನೀವಾ ವಾಚ್ ಮೇಳದ ಫೋಟೋ ಹಾಕಿದಾಗ ಬಂದ ಮೊದಲ ಪ್ರಶ್ನೆ, "ಎಷ್ಟಕ್ಕೆ ತಗೊಂಡೆ?" ಏನೂ ತಗೊಂಡಿಲ್ಲ ಅಂದೆ. "ಮತ್ತೆ ಅಷ್ಟು ದುಡ್ಡು ಹಾಕಿ ಸುಮ್ನೆ ನೋಡೋಕೆ ಹೋಗಿದ್ಯಾ?" ಹೌದು, ಸುಮ್ನೆ ನೋಡೋಕೇ ಹೋಗಿದ್ದೆ. ಈಗ ಮತ್ತೆ ಮೇಳದ ಕಾಲ ಬರುತ್ತಿದೆ. ಹೋಗಬಹುದಾ, ಹೋದರೆ ಏನು ನೋಡಬೇಕು ಅಂತ ಕೆಲವು ಗೆಳೆಯರು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

'ವಾಚಸ್ ಅಂಡ್ ವಂಡರ್ಸ್' ಮೇಳ ಅಂದರೆ ವಾಚು ಮಾರುವ ಸಂತೆಯಲ್ಲ. ಕಂಪನಿಗಳು ಆ ವರ್ಷದ ಹೊಸ ವಾಚುಗಳನ್ನು ತೋರಿಸುತ್ತವೆ. ಅಂಗಡಿಯವರು ಆರ್ಡರ್ ಕೊಡುತ್ತಾರೆ, ಪತ್ರಕರ್ತರು ಬರೆದುಕೊಳ್ಳುತ್ತಾರೆ. ಕೊನೆಯ ಮೂರು ದಿನ ನಮ್ಮಂಥವರಿಗೂ ಬಾಗಿಲು ತೆಗೆಯುತ್ತಾರೆ. ನಾನು ಹೋದ 2025ರಲ್ಲಿ ಟಿಕೆಟ್ 70 ಫ್ರಾಂಕ್, ಅಂದರೆ ಸುಮಾರು 7,000 ರೂಪಾಯಿ. ಜರ್ಮನಿಯಲ್ಲಿರುವ ನನಗೆ ಅದು ರೈಲಿನಲ್ಲಿ ಹೋಗಿಬರುವ ದೂರ. ಬೆಂಗಳೂರಿನಿಂದ ಇದೊಂದಕ್ಕೇ ಹೊರಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಗೂ ಆ ಕಡೆ ಬರುವವರಿದ್ದರೆ ಸೇರಿಸಿಕೊಳ್ಳಿ. ಮೇಳ ನಡೆಯುವ ಪಾಲೆಕ್ಸ್‌ಪೋ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ನಡೆದೇ ಹೋಗಬಹುದು.

ಈ ಬಾಗಿಲು ತೆಗೆಯುವ ಬುದ್ಧಿ ಇವರಿಗೆ ಬಂದದ್ದು ತಡವಾಗಿ. 1991ರಲ್ಲಿ ಈ ಮೇಳ ಬೇರೆ ಹೆಸರಲ್ಲಿ ಶುರುವಾದಾಗ ಕರೆದವರಿಗೆ ಮಾತ್ರ ಪ್ರವೇಶ. ಸಾಮಾನ್ಯ ಜನರನ್ನು ಮೊದಲ ಸಲ ಒಂದು ದಿನದ ಮಟ್ಟಿಗೆ ಒಳಗೆ ಬಿಟ್ಟಿದ್ದು 2017ರಲ್ಲಿ. ಆಗೆಲ್ಲ ದೊಡ್ಡ ಜಾತ್ರೆ ಬಾಸೆಲ್ ಊರಿನದು. 1917ರ ವಸ್ತುಪ್ರದರ್ಶನದಿಂದ ಬೆಳೆದು ಬಂದ ಮೇಳ ಅದು. 2018ರಲ್ಲಿ, ಹಲವು ವಾಚ್ ಬ್ರಾಂಡ್‌ಗಳ ಒಡೆಯನಾದ ಸ್ವಾಚ್ ಗ್ರೂಪ್ ಅಲ್ಲಿಂದ ಹೊರನಡೆಯಿತು. 2020ರ ಏಪ್ರಿಲ್‌ನಲ್ಲಿ ರೋಲೆಕ್ಸ್, ಪಟೇಕ್ ಫಿಲಿಪ್ ಕೂಡ ಕೈಬಿಟ್ಟವು. ಅಲ್ಲಿಗೆ ಬಾಸೆಲ್ ಕತೆ ಮುಗಿಯಿತು. ಈಗ ಜಿನೀವಾದಲ್ಲಿ ರೋಲೆಕ್ಸ್, ಪಟೇಕ್, ಕಾರ್ಟಿಯೇ, ವಾಶೆರಾನ್ ಎಲ್ಲ ಒಂದೇ ಸೂರಿನಡಿ ಸಿಗುತ್ತವೆ. ಆದರೆ ಒಮೆಗಾ, ಲಾಂಜಿನ್, ಬ್ರೆಗೆ ಹುಡುಕಬೇಡಿ. ಅವೆಲ್ಲ ಸ್ವಾಚ್ ಗ್ರೂಪಿನವು, ಇಲ್ಲಿಗೆ ಬರುವುದಿಲ್ಲ.

2025ರಲ್ಲಿ ಜಾಸ್ತಿ ಜನ ಮುತ್ತಿಕೊಂಡಿದ್ದು ರೋಲೆಕ್ಸಿನ ಹೊಸ ಲ್ಯಾಂಡ್-ಡ್ವೆಲರ್ ಮುಂದೆ. ಎಲ್ಲರ ಕಣ್ಣು ಅದರ ಚೈನು, ಡಯಲ್ ಮೇಲೆ. ನನಗೆ ಕುತೂಹಲ ಇದ್ದದ್ದು ಒಳಗಿನ ಎಸ್ಕೇಪ್‌ಮೆಂಟ್ ಬಗ್ಗೆ. ಕೀ ಕೊಟ್ಟ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಳ್ಳದಂತೆ, ಶಕ್ತಿಯನ್ನು ಅಳೆದು ಅಳೆದು ಬಿಡುವ ಭಾಗ ಅದು. ಟಿಕ್ ಟಿಕ್ ಸದ್ದು ಹುಟ್ಟುವುದೇ ಅಲ್ಲಿ. ರೋಲೆಕ್ಸ್‌ನವರು ಅದನ್ನು ಸಿಲಿಕಾನ್‌ನಲ್ಲಿ ಹೊಸದಾಗಿ ವಿನ್ಯಾಸ ಮಾಡಿದ್ದಾರೆ, ಗಂಟೆಗೆ 36,000 ಬಡಿತ. ಅಂದರೆ ಸೆಕೆಂಡಿಗೆ 10. ನಮ್ಮ ಎಚ್‌ಎಂಟಿ ಜನತಾ ಗಂಟೆಗೆ 18,000 ಸಲ ಬಡಿಯುತ್ತದೆ, ಸರಿಯಾಗಿ ಅರ್ಧ. ಆದರೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಇದನ್ನೆಲ್ಲ ನೋಡುವುದು ಎಲ್ಲಿ ಬಂತು? ಮುಂದೆ ಇಪ್ಪತ್ತು ಫೋನುಗಳು, ಹಿಂದೆ ತಳ್ಳಾಟ.

ಒಂದು ದೊಡ್ಡ ಮಳಿಗೆಯಲ್ಲಿ ಒಳಗೆ ಹೋಗಬಹುದಾ ಅಂತ ಕೇಳಿದೆ. ಬಾಗಿಲಲ್ಲಿದ್ದ ಸೂಟುಧಾರಿ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಮಣಿಕಟ್ಟನ್ನು. ಆಮೇಲೆ ಅಪಾಯಿಂಟ್‌ಮೆಂಟ್ ಇದೆಯಾ ಅಂದ. ಬೇಜಾರೇನೂ ಆಗಲಿಲ್ಲ, ನಗು ಬಂತು. ಬೆಲೆ ಕೇಳಿದರೆ ವಿಚಾರಿಸಿ ತಿಳಿಸುತ್ತೇವೆ ಅನ್ನುವುದು, ದುಡ್ಡು ಇದ್ದವನನ್ನೂ ವರ್ಷಗಟ್ಟಲೆ ಕಾಯಿಸುವುದು ಇವರ ವ್ಯಾಪಾರದ ರೀತಿ. ವಾಚಿಗಿಂತ ಹೆಚ್ಚಾಗಿ ಆ ಕಾಯುವಿಕೆಯನ್ನೇ ಮಾರುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಒಂದು ಲಾಭ ಏನೆಂದರೆ, ಕೊಳ್ಳುವ ಆಸೆಯೇ ಇಲ್ಲದವನಿಗೆ ಇದ್ಯಾವುದೂ ತಾಕುವುದಿಲ್ಲ. ಯಾವ ವಾಚಿಗೆ ಮುಂದೆ ಬೆಲೆ ಏರುತ್ತೆ ಅಂತ ಲೆಕ್ಕ ಹಾಕುತ್ತಾ ನಿಂತವರು ನನ್ನ ಅಕ್ಕಪಕ್ಕ ಬೇಕಾದಷ್ಟು ಇದ್ದರು. ಅವರು ವಾಚಿನ ಹಿಂಬದಿಯನ್ನು ತಿರುಗಿಸಿಯೂ ನೋಡುತ್ತಿರಲಿಲ್ಲ!

ವಾಶೆರಾನ್ ಕಾನ್‌ಸ್ಟಂಟೈನ್ ತನ್ನ 270ನೇ ವರ್ಷಕ್ಕೆ ಸೊಲಾರಿಯಾ ಅನ್ನುವ ವಾಚು ತಂದಿತ್ತು. ಒಂದೇ ಕೈಗಡಿಯಾರದಲ್ಲಿ 41 ಕಾಂಪ್ಲಿಕೇಶನ್, 1,521 ಬಿಡಿಭಾಗ. ಸಮಯ ಹೇಳುವುದರ ಜೊತೆಗೆ ವಾಚು ಮಾಡುವ ಪ್ರತಿಯೊಂದು ಹೆಚ್ಚುವರಿ ಕೆಲಸಕ್ಕೂ ಕಾಂಪ್ಲಿಕೇಶನ್ ಅನ್ನುತ್ತಾರೆ. ತಾರೀಖು, ಚಂದ್ರನ ಕಲೆ, ಗಂಟೆ ಬಾರಿಸುವುದು, ಹೀಗೆ. ತಲೆಬಾಗಿದೆ, ಆದರೆ ಮನಸ್ಸು ತುಂಬಲಿಲ್ಲ. 41ರಲ್ಲಿ ಎಷ್ಟನ್ನು ಯಾರಾದರೂ ಬಳಸುತ್ತಾರೆ? ಅದಕ್ಕಿಂತ ಜಾಸ್ತಿ ಹೊತ್ತು ನಾನು ನಿಂತಿದ್ದು ಜಪಾನಿನ ಗ್ರ್ಯಾಂಡ್ ಸೈಕೋ ಮುಂದೆ. ಅವರ ಹೊಸ ಸ್ಪ್ರಿಂಗ್ ಡ್ರೈವ್ ವರ್ಷಕ್ಕೆ ಹೆಚ್ಚೆಂದರೆ 20 ಸೆಕೆಂಡ್ ಆಚೀಚೆ ಹೋಗುತ್ತದೆ ಅನ್ನುತ್ತಾರೆ. ಒಳ್ಳೆಯ ಮೆಕ್ಯಾನಿಕಲ್ ವಾಚು ದಿನಕ್ಕೇ ಕೆಲವು ಸೆಕೆಂಡ್ ತಪ್ಪುತ್ತದೆ! ಇದರಲ್ಲಿ ಸೆಲ್ ಇಲ್ಲ, ಓಡಿಸುವುದು ಸ್ಪ್ರಿಂಗೇ. ವೇಗವನ್ನು ಹದದಲ್ಲಿ ಇಡುವುದಕ್ಕೆ ಮಾತ್ರ ಕ್ವಾರ್ಟ್ಜ್, ಅಂದರೆ ಒಂದೇ ಲಯದಲ್ಲಿ ಕಂಪಿಸುವ ಹರಳು. ಸೆಕೆಂಡ್ ಮುಳ್ಳು ಕುಪ್ಪಳಿಸುವುದಿಲ್ಲ, ಎಣ್ಣೆ ಹರಿದ ಹಾಗೆ ಸರಿಯುತ್ತದೆ. ಸ್ವಿಸ್ ಊರಿನಲ್ಲಿ ಇದನ್ನು ನೋಡುವುದರಲ್ಲಿ ಒಂದು ತಮಾಷೆಯೂ ಇದೆ. 1969ರಲ್ಲಿ ಸೈಕೋ ತಂದ ಕ್ವಾರ್ಟ್ಜ್ ಕೈಗಡಿಯಾರದಿಂದಲೇ ಅಲ್ವಾ ಎಪ್ಪತ್ತರ ದಶಕದಲ್ಲಿ ಸ್ವಿಸ್ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದ್ದು? ನಿಖರತೆಯಲ್ಲಿ ಗೆಲ್ಲಲಾಗದೆ ಉಳಿದವರು ಕೈಕೆಲಸ, ಪರಂಪರೆ, ಐಷಾರಾಮ ಅಂತ ದಾರಿ ಬದಲಿಸಿದರು. ಇವತ್ತಿನ ಈ ಝಗಮಗ ಎಲ್ಲ ಆ ಸೋಲಿನಿಂದ ಹುಟ್ಟಿದ್ದು.

ಹೋಗುವವರಿಗೆ ನನ್ನ ಸಲಹೆ ಒಂದೇ. ದೊಡ್ಡ ಮಳಿಗೆಗಳನ್ನು ಬೆಳಿಗ್ಗೆ ಒಂದು ಸುತ್ತು ಹಾಕಿ ಮುಗಿಸಿ, ಉಳಿದ ದಿನವನ್ನು ಕ್ಯಾರೆ ದೆ ಓರ್ಲೊಜೆ ಅನ್ನುವ ಭಾಗಕ್ಕೆ ಇಡಿ. ಚಿಕ್ಕ ಕಂಪನಿಗಳ ಜಾಗ ಅದು. ಅಲ್ಲಿ ವಾಚು ಮಾಡಿದವರೇ ಎದುರಿಗೆ ನಿಂತಿರುತ್ತಾರೆ, ಕೇಳಿದರೆ ಕೈಗೂ ಕೊಡುತ್ತಾರೆ. ಮುಳ್ಳುಗಳ ಬದಲು ತಿರುಗುವ ಬಿಲ್ಲೆಗಳಿರುವ ಬೆಲ್ಜಿಯಂನ ರೆಸಾನ್ಸ್, ಒಂದೇ ಮುಳ್ಳಿನ ಜರ್ಮನಿಯ ಮೈಸ್ಟರ್‌ಸಿಂಗರ್, ಇಂಥವು ಆ ವರ್ಷದ ಮೇಳದಲ್ಲಿದ್ದವು.

ಅಲ್ಲೇ ಒಬ್ಬರು ನನ್ನ ಕೈಗೆ ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ ಕೊಟ್ಟು, ವಾಚಿನ ಒಳಗಿನ ಯಂತ್ರದ (ಮೂವ್‌ಮೆಂಟ್) ಒಂದು ಮೂಲೆ ತೋರಿಸಿದರು. ಲೋಹದ ಪಟ್ಟಿಯ ಅಂಚನ್ನು ಓರೆಯಾಗಿ ಉಜ್ಜಿ ಕನ್ನಡಿಯಂತೆ ಮಾಡಿರುತ್ತಾರೆ. ಹೊರಗಿನ ಅಂಚನ್ನು ಯಂತ್ರವೂ ಮಾಡುತ್ತದೆ. ಎರಡು ಅಂಚುಗಳು ಒಳಮುಖವಾಗಿ ಸೇರುವ ಚೂಪು ಮೂಲೆಗೆ ಮಾತ್ರ ತಿರುಗುವ ಉಪಕರಣ ಹೋಗುವುದಿಲ್ಲ, ಹೋದರೆ ಮೂಲೆ ದುಂಡಗಾಗುತ್ತದೆ. ಅರ ಹಿಡಿದು, ಆಮೇಲೆ ಕಟ್ಟಿಗೆಯ ಕಡ್ಡಿಗೆ ಪಾಲಿಶ್ ಹಚ್ಚಿ ಉಜ್ಜುತ್ತಾ ಕೂರಬೇಕು. ವಾಚು ಚೆನ್ನಾಗಿ ಓಡುವುದಕ್ಕೆ ಇದರಿಂದ ಏನೂ ಉಪಯೋಗವಿಲ್ಲ. ಆದರೂ ಒಂದು ಮೂಲೆ ಕೆಟ್ಟರೆ ಆ ಪಟ್ಟಿಯನ್ನೇ ಎಸೆಯುತ್ತಾರಂತೆ. ಇನ್ನು ಮೇಲೆ ಕೈಕೆಲಸ ಅಂತ ಯಾರು ಜಾಹೀರಾತು ಕೊಟ್ಟರೂ ನಾನು ಮೊದಲು ಆ ಮೂಲೆಯನ್ನೇ ನೋಡುವವನು.

ನನ್ನ ಕೈಯಲ್ಲಿದ್ದದ್ದು ಎಚ್‌ಎಂಟಿ ಜನತಾ. ಲೂಪ್ ಕೊಟ್ಟವರು ಅದನ್ನು ಕೇಳಿ ತೆಗೆಸಿಕೊಂಡರು, ಕಿವಿಗೆ ಹಿಡಿದರು. "18,000 ಅಲ್ಲವೇ?" ಅಂದರು, ಡಯಲ್ ಕಡೆ ನೋಡದೆಯೇ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ಸರ್ಕಾರದ್ದೇ ಕಂಪನಿ, ಆಮೇಲೆ ತುಮಕೂರಿನಲ್ಲೂ ಇತ್ತು, ಈಗ ಮುಚ್ಚಿದೆ ಅಂತೆಲ್ಲ ಹೇಳಿದೆ. ಸರ್ಕಾರ ವಾಚು ಮಾಡುತ್ತಿತ್ತಾ ಅಂತ ಅವರಿಗೆ ಭಾರೀ ಆಶ್ಚರ್ಯ.

ಹಾಗಂತ ನಮ್ಮಲ್ಲಿ ಎಲ್ಲ ಮುಗಿದುಹೋಗಿದೆ ಅಂತಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ, ನೋಡದವರು ದಯವಿಟ್ಟು ಒಮ್ಮೆ ಹೋಗಿ. ಹೊಸೂರಿನಲ್ಲಿ ಟೈಟನ್ ಈಗಲೂ ವಾಚು ಮಾಡುತ್ತದೆ. ಬರೀ 3.5 ಮಿಲಿಮೀಟರ್ ದಪ್ಪದ ಎಡ್ಜ್ ತಂದವರು ಅವರು. ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳ ಜೊತೆ ಭಾರತ ಮಾಡಿಕೊಂಡ ಹೊಸ ವ್ಯಾಪಾರ ಒಪ್ಪಂದದಿಂದ ಸ್ವಿಸ್ ವಾಚಿನ ಸುಂಕ ವರ್ಷ ವರ್ಷ ಇಳಿಯುತ್ತದೆ, ಅಗ್ಗವಾಗುತ್ತೆ ಅಂತ ಎಲ್ಲರೂ ಖುಷಿಯಲ್ಲಿದ್ದಾರೆ. ಆಗಲಿ. ನನ್ನ ಆಸೆ ಬೇರೆ. ವಾಚು ಜೋಡಿಸುವವರು, ರಿಪೇರಿ ಮಾಡುವವರು, ಹೊಸ ಚಿಕ್ಕ ಕಂಪನಿಯವರು ವರ್ಷಕ್ಕೊಮ್ಮೆ ಎರಡು ದಿನ ಬೆಂಗಳೂರಿನ ಯಾವುದಾದರೂ ಒಂದು ಹಾಲ್‌ನಲ್ಲಿ ಮೇಜು ಹಾಕಿ ಕೂರಲಿ. ಗಾಜಿನ ಪೆಟ್ಟಿಗೆ ಬೇಡ, ಸಿನಿಮಾ ತಾರೆಯರ ದೊಡ್ಡ ಫೋಟೋ ಬೇಡ. ಲೂಪ್ ಒಂದಿದ್ದರೆ ಸಾಕು. 100 ರೂಪಾಯಿ ಟಿಕೆಟ್ ಇಡಿ, ಶಾಲೆ ಮಕ್ಕಳಿಗೆ ಪುಕ್ಕಟೆ ಮಾಡಿ. ಇಂಥದ್ದನ್ನು ನಡೆಸುವ ಶಕ್ತಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ರಜೆ ಹಾಕಿ ಬಂದು ಕುರ್ಚಿ ಜೋಡಿಸುವುದಕ್ಕೂ ನಾನು ತಯಾರು.