ಹಾರುವವರ ಹೊಗೆ, ಬೇಯಿಸುವವಳ ಪುಣ್ಯ

ಬಿಸಿಲಿನ ಒಲೆ ಹೊಸದೇನಲ್ಲ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1767ರಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಬಿಸಿಲನ್ನು ಕೂಡಿಹಾಕಿ ತೋರಿಸಿದ್ದ. ಪೆಟ್ಟಿಗೆ ಇಂದಿಗೂ ಹೆಚ್ಚುಕಡಿಮೆ ಅದೇ: ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಜೊತೆಗೊಂದು ಕನ್ನಡಿ. ಬದಲಾದದ್ದು ಒಲೆಯ ಕಸುಬು. ಈಗ ಒಲೆ ಯಾವುದಾದರೂ ಸರಿ, ಅದರ ಮೇಲೆ ಬೇಯುವುದು ಲೆಕ್ಕ.

ವಿಮಾನ ಹತ್ತುವವರಿಗೆ ಟಿಕೆಟ್ ಜೊತೆ ಒಂದಿಷ್ಟು ಪಾಪವೂ ಅಂಟಿಕೊಳ್ಳುತ್ತದೆ. ಪರಿಹಾರಕ್ಕೆ ಕಾರ್ಬನ್ ಕ್ರೆಡಿಟ್ ಇದೆ: ತಾನು ಉಗುಳಿದ ಹೊಗೆಗೆ ಬದಲಾಗಿ ಬೇರೆಲ್ಲೋ ಅಷ್ಟು ಹೊಗೆ ಕಡಿಮೆಯಾಯಿತೆಂದು ದುಡ್ಡು ಕೊಟ್ಟು ಕೊಳ್ಳುವ ಚೀಟಿ. ಆ ದುಡ್ಡಿನಲ್ಲಿ ಎಲ್ಲೋ ಒಬ್ಬ ಬಡವಿಗೆ ಹೊಗೆ ಕಡಿಮೆಯ ಒಲೆ ಸಿಗುತ್ತದೆ. ಅವಳು ಸುಡದೆ ಉಳಿಸಿದ ಸೌದೆಯ ಪುಣ್ಯ ಪ್ರಯಾಣಿಕನ ಖಾತೆಗೆ ಜಮೆಯಾಗುತ್ತದೆ. ಹೊಸ ಒಲೆ ಮೂಲೆ ಸೇರಿ ಹಳೆಯದೇ ಉರಿಯುತ್ತಿದ್ದರೆ? ಕೇಳಬಾರದು. ಕಾಗದದಲ್ಲಿ ಹಳೆಯ ಒಲೆ ಎಂದೋ ಆರಿಹೋಗಿದೆ. 'ನೇಚರ್ ಸಸ್ಟೈನಬಿಲಿಟಿ' ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಧ್ಯಯನವೊಂದು ಇಂಥ ಒಲೆ ಯೋಜನೆಗಳನ್ನು ತೂಗಿ ನೋಡಿತು. ನಿಜವಾಗಿ ದಕ್ಕಿದ್ದಕ್ಕಿಂತ ಸುಮಾರು 9 ಪಟ್ಟು ಪುಣ್ಯವನ್ನು ಬರೆದುಕೊಂಡಿದ್ದರು. ಚಿತ್ರಗುಪ್ತನ ಕೈಕೆಳಗೆ ಇಂಥ ಗುಮಾಸ್ತರಿದ್ದಿದ್ದರೆ ನರಕಕ್ಕೆ ಬೀಗ ಬೀಳುತ್ತಿತ್ತು.

ಇನ್ನು ಇಂಥ ಒಲೆಗಳ ಬಗ್ಗೆ ನಡೆಯುವ ಸಮ್ಮೇಳನ. ಕಿಟಕಿಯೇ ಇಲ್ಲದ ಎ.ಸಿ. ಸಭಾಂಗಣ, ಟ್ಯೂಬ್‌ಲೈಟ್ ಕೆಳಗೆ ಸೋಲಾರ್ ಕುಕ್ಕರ್. ಗಾಜು ಎತ್ತಿದರೆ ಪಾತ್ರೆ, ಪಾತ್ರೆಯೊಳಗೆ ಕರಪತ್ರ. ಊಟ ಮಾತ್ರ ಹಿಂದಿನ ಅಡುಗೆಮನೆಯ ಗ್ಯಾಸಿನ ಮೇಲೆ ತಯಾರಾಗುತ್ತಿರುತ್ತದೆ. ಗಣ್ಯರನ್ನು ಮೋಡ ಸರಿಯುವವರೆಗೆ ಕಾಯಿಸಲಾಗುತ್ತದೆಯೇ? ಪೆಟ್ಟಿಗೆಯನ್ನು ಆಗಾಗ ಸೂರ್ಯನತ್ತ ತಿರುಗಿಸುತ್ತ ಎರಡು ಮೂರು ತಾಸು ಕಾಯುವ ತಾಳ್ಮೆ ಬಡವರಿಗೆಂದೇ ಮೀಸಲು. ರಾತ್ರಿಯೂಟದ ಗತಿಯೇನು ಎಂದು ಯಾರಾದರೂ ಕೇಳಿದರೆ 'ಬಳಕೆದಾರರ ನಡವಳಿಕೆ ಬದಲಾಗಬೇಕು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂದರೆ ಹಸಿವು ಇನ್ನು ಮುಂದೆ ಸೂರ್ಯಾಸ್ತಕ್ಕೆ ಮುಂಚೆ ವರದಿ ಮಾಡಿಕೊಳ್ಳಬೇಕು.

(ಕುಕ್ಕರಿನ ಮೇಲೆ ನನಗೆ ಕೋಪವಿಲ್ಲ. ಬಿಸಿಲಿದ್ದಾಗ ಅದು ಮಾತಿಗೆ ತಪ್ಪುವುದಿಲ್ಲ, ಈ ಇಡೀ ವ್ಯವಹಾರದಲ್ಲಿ ಹಾಗೆ ನಡೆದುಕೊಳ್ಳುವುದು ಅದೊಂದೇ.)

ಇತ್ತ ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಇನ್ನೂ ಸೌದೆ, ಸಗಣಿ, ಇದ್ದಿಲು, ಸೀಮೆಎಣ್ಣೆಗಳ ಹೊಗೆಯಲ್ಲೇ ಬೇಯಿಸುತ್ತಿದ್ದಾರೆ. ಮನೆಯೊಳಗಿನ ಆ ಹೊಗೆಗೆ ವರ್ಷಕ್ಕೆ ಸುಮಾರು 30 ಲಕ್ಷ ಜನ ಬಲಿಯಾಗುತ್ತಾರೆ. 2030ರೊಳಗೆ ಎಲ್ಲರಿಗೂ ಶುದ್ಧ ಇಂಧನ ಎಂದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲೇ ಒಪ್ಪಿಕೊಂಡಿವೆ. ಸಭಾಂಗಣದಲ್ಲಿರುವ ಎಲ್ಲರ ಮನೆಗೂ ಬಂದಿರುವ ಕರೆಂಟೋ ಗ್ಯಾಸೋ ಆ ಬಡವಿಯ ಮನೆಗೂ ಏಕೆ ಬರಬಾರದು ಎಂಬ ಪ್ರಶ್ನೆಗೆ ಮುಂದಿನ ಸಮ್ಮೇಳನದಲ್ಲಿ ಪ್ರತ್ಯೇಕ ಗೋಷ್ಠಿಯಿದೆ. ವಿಮಾನದ ಟಿಕೆಟ್‌ಗಳು ಈಗಾಗಲೇ ಬುಕ್ ಆಗಿವೆ.