ಯೊಸೆಮಿಟಿಯಲ್ಲಿ ಪಾಸ್ ಕೇಳಿದ್ದು ಕಾರಿಗೆ, ನಮಗಲ್ಲ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಮೊದಲೇ ಪಾಸ್ ರಿಸರ್ವ್ ಮಾಡಬೇಕಿದ್ದ ಬೇಸಿಗೆಗಳಲ್ಲೆಲ್ಲ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ, ನಮ್ಮವರದು ಒಂದೇ ಗೋಳು: ಪಾಸ್ ಸಿಗಲಿಲ್ಲ, ಟ್ರಿಪ್ ಕ್ಯಾನ್ಸಲ್. ಕ್ಯಾನ್ಸಲ್ ಯಾಕೆ ಅನ್ನೋದು ನನ್ನ ಪ್ರಶ್ನೆ. ಆ ಪಾಸ್ ಎಣಿಸಿದ್ದು ಕಾರುಗಳನ್ನು, ತಲೆಗಳನ್ನಲ್ಲ. ಯೊಸೆಮಿಟಿ ಕಣಿವೆಯಲ್ಲಿ ಕೊರತೆ ಇರುವುದು ಪಾರ್ಕಿಂಗಿಗೆ. 2023ರಲ್ಲಿ ಪಾಸ್ ಪದ್ಧತಿ ಕೈಬಿಟ್ಟಾಗ ಗೇಟಿನಲ್ಲಿ ಗಂಟೆಗಟ್ಟಲೆ ಸಾಲು ನಿಂತಿದ್ದೂ ಕಾರುಗಳೇ.

ಪಾಸ್ ಇಲ್ಲದವರಿಗೆ ನಮ್ಮ ಜನ ಹೇಳಿಕೊಡುತ್ತಿದ್ದ ಮೊದಲ ದಾರಿ ಹೊತ್ತು ತಪ್ಪಿಸಿ ಹೋಗುವುದು. 2024ರಲ್ಲಿ ಪಾಸ್ ಬೇಕಿದ್ದದ್ದು ಬೆಳಿಗ್ಗೆ 5ರಿಂದ ಸಂಜೆ 4ರವರೆಗೆ, 2025ರಲ್ಲಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ. ಅದಕ್ಕೇ ಮಧ್ಯರಾತ್ರಿ ಮನೆ ಬಿಟ್ಟು, ನಿದ್ದೆಗಣ್ಣಲ್ಲಿ ಹೈವೇ 120ರ ತಿರುವುಗಳನ್ನು ಹತ್ತುತ್ತಿದ್ದರು. ಹಿಂದೆ ಮಕ್ಕಳು ಮಲಗಿರುತ್ತಿದ್ದರು. ದಿನವಿಡೀ ಬೆಟ್ಟ ಹತ್ತಿ, ಸಂಜೆ ಮತ್ತೆ ಅದೇ ನಾಲ್ಕು ಗಂಟೆ ಡ್ರೈವಿಂಗ್. ಇದು ನನಗೆ ಸುತರಾಂ ಇಷ್ಟವಿಲ್ಲ. ಮಧ್ಯಾಹ್ನದ ಮೇಲೆ ಹೋಗುವುದು ಎಷ್ಟೋ ವಾಸಿ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಎಂಟರ ಮೇಲೆ, ಅಲ್ವಾ?

ನನ್ನ ಓಟು ಮಾತ್ರ ಬಸ್ಸಿಗೆ. ಯಾರ್ಟ್ಸ್ ಅಂತ ಬಸ್ ಇದೆ. ಮರ್ಸೆಡ್ ಊರಿನಿಂದ ಮ್ಯಾರಿಪೋಸಾ ಹಾದು ಯೊಸೆಮಿಟಿಗೆ ವರ್ಷವಿಡೀ ಓಡುತ್ತದೆ, ಬೇಸಿಗೆಯಲ್ಲಿ ಫ್ರೆಸ್ನೊ, ಸೊನೋರಾ ಕಡೆಯಿಂದಲೂ ಬರುತ್ತದೆ. ಪಾಸ್ ಬೇಕಿದ್ದ ವರ್ಷಗಳಲ್ಲೂ ಇದರಲ್ಲಿ ಬಂದವರಿಗೆ ಪಾಸ್ ಕೇಳಲಿಲ್ಲ. ಪ್ರವೇಶ ಶುಲ್ಕವೂ ಟಿಕೆಟ್‌ನಲ್ಲೇ ಸೇರಿದೆ. ಮರ್ಸೆಡ್‌ವರೆಗೆ ರೈಲಿದೆ, ಹಾಗಾಗಿ ಕಾರೇ ಇಲ್ಲದೆಯೂ ಹೋಗಬಹುದು. ಆಮೇಲೆ ನದಿ ಪಕ್ಕದಲ್ಲೇ ಹರಿಯುತ್ತಿರುತ್ತದೆ. ಕಾರಿನಲ್ಲಿ ಹೋದರೆ ಡ್ರೈವ್ ಮಾಡುವವನಿಗೆ ಆ ನೋಟ ಇಲ್ಲ.

ಕಣಿವೆಯೊಳಗೆ ಪುಕ್ಕಟೆ ಶಟಲ್. ಹ್ಯಾಪಿ ಐಲ್ಸ್‌ನಲ್ಲಿ ಇಳಿದರೆ ಮಿಸ್ಟ್ ಟ್ರೇಲ್ ಅನ್ನೋ ಕಾಲುದಾರಿ ಶುರು. ವರ್ನಲ್ ಜಲಪಾತದ ಪಕ್ಕದಲ್ಲಿ 600ಕ್ಕೂ ಜಾಸ್ತಿ ಕಲ್ಲಿನ ಮೆಟ್ಟಿಲು. ಮೇ ತಿಂಗಳಲ್ಲಿ ಹಿಮ ಕರಗಿ ನೀರು ಅಬ್ಬರಿಸುವಾಗ ಎರಚಲಿಗೆ ಬನಿಯನ್‌ವರೆಗೂ ನೆನೆಯುತ್ತದೆ, ಮೆಟ್ಟಿಲು ಜಾರುತ್ತದೆ, ಮೇಲಿಂದ ಇಳಿಯುವವರು ಗೋಡೆ ಕಡೆ ಒತ್ತಿಕೊಂಡು ನಿಲ್ಲುತ್ತಾರೆ. ತುದಿಯಲ್ಲಿ ಪುಳಿಯೋಗರೆ ಡಬ್ಬಿ ತೆರೆದರೆ ಅಳಿಲುಗಳು ಹಾಜರ್. ಕೊಡಬೇಡಿ, ಅಲ್ಲಿ ಅದು ಅಪರಾಧ.

ಬಸ್ಸಿಗೂ ಸೀಟು ಮೊದಲೇ ಹಿಡಿಯುವುದು ಒಳ್ಳೆಯದು. ವಾಪಸ್ ಹೊರಡುವ ಕೊನೆಯ ಬಸ್ ತಪ್ಪಿದರೆ ಕಥೆ ಮುಗಿಯಿತು. ಇನ್ನು ಹಾಫ್ ಡೋಮ್ ಅನ್ನೋ ಬಂಡೆಬೆಟ್ಟವನ್ನು ಕೇಬಲ್ ಹಿಡಿದು ಒಂದೇ ದಿನದಲ್ಲಿ ಹತ್ತಿ ಬರಲು ಲಾಟರಿಯ ಪರ್ಮಿಟ್ಟೇ ಬೇಕು, ಅದಕ್ಕೆ ಯಾವ ಅಡ್ಡದಾರಿಯೂ ಇಲ್ಲ.

ನಮ್ಮೂರ ಕುದುರೆಮುಖದಲ್ಲಿ ಅರಣ್ಯ ಇಲಾಖೆ ಎಣಿಸುವುದು ಚಾರಣಿಗರನ್ನೇ. ಅಲ್ಲಿ ಸವೆಯುವುದು ಹುಲ್ಲುಗಾವಲು, ಶೋಲಾ ಕಾಡಿನ ಕಾಲುದಾರಿ, ಹಾಗಾಗಿ ಅದು ಸರಿಯೇ. ಅಲ್ಲಿ ಬುಕ್ಕಿಂಗ್ ಸಿಗದಿದ್ದರೆ ಸುಮ್ನೆ ಇನ್ನೊಂದು ವಾರ ನೋಡಬೇಕು, ಗೈಡ್‌ಗೆ ದುಡ್ಡು ತುರುಕಿ ಒಳದಾರಿ ಕೇಳಬಾರದು. ಆದರೆ ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಿ. ಖಾಸಗಿ ಗಾಡಿ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್. ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ಆ ಬಸ್ ಹತ್ತಲು ಯಾರೂ ಗೊಣಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಸ್ ಅಂದ ಕೂಡಲೇ ಅದೇ ಜನ ಮೂಗು ಮುರಿಯುವುದು ಯಾಕೋ ನನಗೆ ಅರ್ಥವಾಗಿಲ್ಲ.