ಸುಮ್ನಿರದ ಕೈಗಳು

ಮದುವೆ ಊಟಕ್ಕೆ ಕೂತವರ ಕೈಗಳನ್ನು ನೋಡಿದ್ದೀರಾ? ಎಲೆ ಹಾಕಿ ಉಪ್ಪು ಬಡಿಸಿ ಹೋದವರು ಇನ್ನೂ ಕೋಸಂಬರಿ ತಂದಿರುವುದಿಲ್ಲ. ಅಷ್ಟರಲ್ಲೇ ಒಬ್ಬರು ಎಲೆಯ ತುದಿ ಸೀಳುತ್ತಿರುತ್ತಾರೆ, ಪಕ್ಕದವರು ಎಲೆ ಮೇಲಿನ ನೀರಿನ ಹನಿಯನ್ನು ಬೆರಳಲ್ಲಿ ಎಳೆದು ಗೆರೆ ಬರೆಯುತ್ತಿರುತ್ತಾರೆ. ಮೀಟಿಂಗಿನಲ್ಲಿ ಪೆನ್ನನ್ನು ಟಿಕ್ ಟಿಕ್ ಅನ್ನಿಸುವವರು, ಬಸ್ಸಿನಲ್ಲಿ ಟಿಕೆಟ್ಟನ್ನು ಸುರುಳಿ ಸುತ್ತುವವರು, ಎಲ್ಲರೂ ಇದೇ ಪಂಗಡ. ಬಾಯಿ ಬೇಕಾದರೆ ಸುಮ್ಮನಿದ್ದೀತು, ಕೈ ಇರುವುದಿಲ್ಲ. ನಾವು ಇದನ್ನು ಕೆಟ್ಟ ಚಟ ಅನ್ನುತ್ತೇವೆ. ಜಪಾನಿನ ಕ್ಯೋಟೋದಲ್ಲಿ ಒಬ್ಬರು ಇದನ್ನೇ ನಂಬಿಕೊಂಡು 30 ವರ್ಷ ನೌಕರಿ ಮಾಡಿದರು. ಅವರ ಹೆಸರು ಗುನ್ಪೇ ಯೊಕೊಯಿ.

ಹುಟ್ಟಿದ್ದು 1941ರಲ್ಲಿ, ಕ್ಯೋಟೋದಲ್ಲೇ. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ, 1965ರಲ್ಲಿ ಅದೇ ಊರಿನ ನಿಂಟೆಂಡೋ ಕಂಪನಿ ಸೇರಿದರು. ನಿಂಟೆಂಡೋ ಅಂದರೆ ಆಗ ವಿಡಿಯೋ ಗೇಮ್ ಅಲ್ಲ. ಇಸ್ಪೀಟು ಎಲೆ ಮತ್ತು ಹನಾಫುದಾ ಅನ್ನುವ ಹೂವಿನ ಚಿತ್ರದ ಎಲೆಗಳನ್ನು ತಯಾರಿಸುವ ಕಂಪನಿ. ಎಲೆ ಮಾಡುವ ಯಂತ್ರ ಕೆಡದ ಹಾಗೆ ನೋಡಿಕೊಳ್ಳುವುದು ಯೊಕೊಯಿ ಕೆಲಸ. ಯಂತ್ರ ದಿನಾ ಕೆಡುತ್ತದೆಯೇ? ಹಾಗಾಗಿ ಬೇಕಾದಷ್ಟು ಬಿಡುವು. ಬಿಡುವು ಸಿಕ್ಕ ಕೈ ಸುಮ್ಮನಿರಲಿಲ್ಲ. ಕತ್ತರಿ ಕತ್ತರಿಯಾಗಿ ಪಟ್ಟಿಗಳನ್ನು ಜೋಡಿಸಿ, ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿಕೊಂಡು ತುದಿಯಲ್ಲಿ ಸಾಮಾನು ಹಿಡಿಯುವ ಒಂದು ಕೈ ಮಾಡಿಕೊಂಡರು. ಅಧ್ಯಕ್ಷ ಹಿರೋಶಿ ಯಮಾಉಚಿ ಅದನ್ನು ನೋಡಿಬಿಟ್ಟರು. ಯಮಾಉಚಿ ಅಂದರೆ ಆಫೀಸಿನಲ್ಲಿ ಎಲ್ಲರಿಗೂ ನಡುಕ. ಕರೆದು ಬೈಯುತ್ತಾರೆ ಅಂದುಕೊಂಡರೆ, ಇದನ್ನು ಆಟಿಕೆ ಮಾಡಿ ಮಾರೋಣ ಅಂದರು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಅನ್ನುವ ಹೆಸರಲ್ಲಿ ಅಂಗಡಿಗೆ ಬಂತು, 10 ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಕೆಲಸದ ಹೊತ್ತಲ್ಲಿ ಕಾಲಹರಣ ಮಾಡಿ ಬಡ್ತಿ ಪಡೆದವರು ನಮ್ಮ ಕಡೆಯೂ ಇದ್ದಾರೆ ಬಿಡಿ. ಆದರೆ ಅವರ ಕೈಯಿಂದ ಇಂಥದ್ದೇನೂ ಹೊರಬಂದಿಲ್ಲ.

1969ರ ‘ಲವ್ ಟೆಸ್ಟರ್’ ಇನ್ನೂ ತಮಾಷೆ. ಹುಡುಗ ಒಂದು ಲೋಹದ ಹಿಡಿ, ಹುಡುಗಿ ಇನ್ನೊಂದು ಹಿಡಿ ಹಿಡಿಯಬೇಕು. ಖಾಲಿ ಉಳಿದ ಕೈಗಳನ್ನು ಪರಸ್ಪರ ಹಿಡಿದುಕೊಳ್ಳಬೇಕು. ಆಗ ಮುಳ್ಳು ಅಲ್ಲಾಡಿ ಪ್ರೀತಿ ಎಷ್ಟಿದೆ ಅಂತ ತೋರಿಸುತ್ತದೆ. ಒಳಗೆ ಇದ್ದದ್ದು ಮೈಯೊಳಗೆ ಹರಿಯುವ ಸಣ್ಣ ವಿದ್ಯುತ್ತನ್ನು ಅಳೆಯುವ ಒಂದು ಮೀಟರ್, ಅಷ್ಟೇ. ಅಂಗೈ ಬೆವರಿದರೆ ಪ್ರೀತಿ ಏರುತ್ತದೆ! ಹುಡುಗಿಯರ ಕೈ ಹಿಡಿಯಲು ಒಂದು ನೆಪ ಬೇಕಿತ್ತು ಅಂತ ಯೊಕೊಯಿ ಆಮೇಲೆ ತಾವೇ ನಗುತ್ತಾ ಹೇಳಿಕೊಂಡಿದ್ದರು.

ಅವರ ನಿಜವಾದ ದಾರಿ ತೆರೆದದ್ದು ಬುಲೆಟ್ ರೈಲಿನಲ್ಲಿ. ಎದುರಿಗೆ ಕೂತ ಒಬ್ಬ ನೌಕರ, ಮಾಡಲು ಏನೂ ಇಲ್ಲದೆ, ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ನೆ ಒತ್ತುತ್ತಾ ಇದ್ದ. ಲೆಕ್ಕ ಏನೂ ಇಲ್ಲ. ಇಂಥವರಿಗೆ ಅಂಗೈಯಗಲದ ಒಂದು ಆಟ ಕೊಟ್ಟರೆ ಹೇಗೆ ಅನ್ನಿಸಿತು. ಮುಂದೊಂದು ದಿನ ಅಧ್ಯಕ್ಷರ ಕಾರಿನ ಡ್ರೈವರ್ ರಜೆ. ಯೊಕೊಯಿ ತಾವೇ ಕಾರು ಓಡಿಸಬೇಕಾಯಿತು. ದಾರಿಯಲ್ಲಿ ಮಾತಿಗೆ ಇರಲಿ ಅಂತ ಈ ವಿಷಯ ಹೇಳಿದರು. ಯಮಾಉಚಿ ಹೂಂ ಅಂದರು, ಅಷ್ಟೇ. ಆದರೆ ಅವತ್ತು ಹೋಗಿದ್ದ ಸಭೆಯಲ್ಲಿ ಯಮಾಉಚಿ ಪಕ್ಕದಲ್ಲಿ ಕೂತವರು ಕ್ಯಾಲ್ಕ್ಯುಲೇಟರ್ ಮಾಡುವ ಶಾರ್ಪ್ ಕಂಪನಿಯ ಮುಖ್ಯಸ್ಥರು. ಕ್ಯಾಲ್ಕ್ಯುಲೇಟರ್ ಪೈಪೋಟಿ ತಣ್ಣಗಾಗಿ, ಅದರ ಪುಟಾಣಿ ಪರದೆಗಳಿಗೆ ಹೊಸ ಗಿರಾಕಿ ಬೇಕಾಗಿದ್ದ ಕಾಲ ಅದು. 1980ರಲ್ಲಿ ‘ಗೇಮ್ ಆಂಡ್ ವಾಚ್’ ಬಂತು. ಕ್ಯಾಲ್ಕ್ಯುಲೇಟರಿನ ಪರದೆ, ವಾಚಿನ ಬಿಲ್ಲೆ ಸೆಲ್. ದೊಡ್ಡವರು ಮಡಿಲಲ್ಲಿ ಕೈ ಇಟ್ಟುಕೊಂಡು ಯಾರಿಗೂ ಗೊತ್ತಾಗದ ಹಾಗೆ ಎರಡು ಹೆಬ್ಬೆರಳಲ್ಲಿ ಆಡಬೇಕು, ಅದಕ್ಕೇ ಅಡ್ಡಡ್ಡ ಆಕಾರ. 4 ಕೋಟಿಗಿಂತ ಹೆಚ್ಚು ಹೋದವು. ಕಳ್ಳಾಟಕ್ಕೆ ಅಂತ ಮಾಡಿದ್ದು ಮಕ್ಕಳ ಪಾಲಾಯಿತು, ಅದು ಬೇರೆ ಮಾತು.

ಇದೇ ಸಾಲಿನಲ್ಲಿ 1982ರಲ್ಲಿ ‘ಡಾಂಕಿ ಕಾಂಗ್’ ಆಟವನ್ನು ಪುಸ್ತಕದ ಹಾಗೆ ಮಡಚುವ ಪೆಟ್ಟಿಗೆಗೆ ಇಳಿಸಬೇಕಾಯಿತು. ಕಾಸು ಹಾಕಿ ಆಡುವ ಅಂಗಡಿಗಳಲ್ಲಿ ಇದನ್ನು ಆಡಿಸಲು ಉದ್ದನೆಯ ಕೋಲು ಇರುತ್ತಿತ್ತು. ಕೋಲು ಇಟ್ಟರೆ ಮುಚ್ಚಳ ಮುಚ್ಚುವುದಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಿಡಿ ಗುಂಡಿ ಇಟ್ಟರೆ ಬೆರಳು ಎಲ್ಲಿದೆ ಅಂತ ಬಗ್ಗಿ ನೋಡಬೇಕು. ಯೊಕೊಯಿ ನಾಲ್ಕನ್ನೂ ಸೇರಿಸಿ ಕೂಡಿಸುವ ಚಿಹ್ನೆಯ ಒಂದೇ ಗುಂಡಿ ಮಾಡಿದರು. ಒಂದು ಕಡೆ ಒತ್ತಿದರೆ ಎದುರಿನ ತುದಿ ಕೊಂಚ ಮೇಲೇಳುತ್ತದೆ. ಆ ಕೊಂಚವೇ ಸಾಕು, ಹೆಬ್ಬೆರಳಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗಿಬಿಡುತ್ತದೆ. ಕಣ್ಣು ಪರದೆ ಬಿಟ್ಟು ಕದಲಬೇಕಾಗಿಲ್ಲ. ಇವತ್ತಿಗೂ ಗೇಮ್ ಆಡುವ ಯಾವ ಕಂಟ್ರೋಲರ್ ಹಿಡಿದರೂ ಎಡಗೈ ಹೆಬ್ಬೆರಳಿನ ಕೆಳಗೆ ಈ ಗುಂಡಿ ಅಥವಾ ಅದರ ಮಕ್ಕಳು ಮರಿ ಸಿಗುತ್ತವೆ.

ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳತಾಗಿ ಅಗ್ಗವಾದದ್ದನ್ನು ತೆಗೆದುಕೊಂಡು ಬೇರೆ ಕಡೆಯಿಂದ ಯೋಚಿಸಿ ಅನ್ನುವುದು ಅವರ ಪಾಠ. 1989ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅದೇ ಪಾಠದ ಫಲ. ಮಂಕು ಹಸಿರು ಪರದೆ, ಬಣ್ಣವಿಲ್ಲ, ಒಳಗೆ ದೀಪವೂ ಇಲ್ಲ. ಎದುರಾಳಿಗಳಾದ ಅಟಾರಿ, ಸೆಗಾ ಬಣ್ಣದ ಪರದೆ ತಂದವು. ಹೊಸ ಯಂತ್ರ ಬಂತು ಅಂತ ಮುಖ ಸಣ್ಣ ಮಾಡಿಕೊಂಡು ಬಂದ ತಮ್ಮ ತಂಡದ ಹುಡುಗರಿಗೆ ಯೊಕೊಯಿ, ಬಣ್ಣದ್ದೋ ಕಪ್ಪು ಬಿಳುಪೋ ಅಂತ ಕೇಳಿದರಂತೆ. ಬಣ್ಣದ್ದು ಅಂದರು. ಹಾಗಾದರೆ ಚಿಂತೆಯಿಲ್ಲ ಅಂದರಂತೆ. ಆ ಯಂತ್ರಗಳು ಆರು ಪೆನ್ಸಿಲ್ ಸೆಲ್ ನುಂಗಿ ಕೆಲವೇ ಗಂಟೆಗಳಲ್ಲಿ ಮಲಗುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆ ದಾಟುತ್ತಿತ್ತು. ಸೆಲ್ ಕೊಡಿಸುವುದು ಅಪ್ಪ ಅಮ್ಮ ತಾನೇ? ಬಣ್ಣದ ಬಗ್ಗೆ ಅವರ ವಾದ ಇನ್ನೂ ಚೆನ್ನಾಗಿದೆ. ಕಪ್ಪು ಹಲಗೆ ಮೇಲೆ ಎರಡು ಸೊನ್ನೆ ಬರೆದು ಇದು ಹಿಮದ ಗೊಂಬೆ ಅನ್ನಿ, ನೋಡುವವರಿಗೆ ಹಿಮದ ಬಿಳಿ ತಾನಾಗಿ ಕಾಣುತ್ತದೆ ಅನ್ನುತ್ತಿದ್ದರು. ಅಮೆರಿಕದಲ್ಲಿ ಗೇಮ್ ಬಾಯ್ ಜೊತೆಗೆ ಟೆಟ್ರಿಸ್ ಕೊಟ್ಟರು, ಜಗತ್ತಿಗೇ ಅದರ ಹುಚ್ಚು ಹಿಡಿಯಿತು. ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ, ಮೇಲಿಂದ ಇಟ್ಟಿಗೆ ಬೀಳುವ ಆಟದ ಪೆಟ್ಟಿಗೆ ನೆನಪಿದೆಯಲ್ವಾ? ಅದು ಈ ಹುಚ್ಚಿನ ದೂರದ ನೆಂಟ.

1995ರ ‘ವರ್ಚುವಲ್ ಬಾಯ್’ ಮಾತ್ರ ಮಕಾಡೆ ಮಲಗಿತು. ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿಟ್ಟ ಪೆಟ್ಟಿಗೆಯೊಳಗೆ ಮುಖ ತೂರಿಸಿ, ಕೆಂಪು ಗೆರೆಗಳ ಲೋಕ ನೋಡಬೇಕಿತ್ತು. ವರ್ಷ ತುಂಬುವುದರೊಳಗೆ ಕಂಪನಿ ಕೈಬಿಟ್ಟಿತು. ನನಗನ್ನಿಸುವುದು, ಅಲ್ಲಿ ಯೊಕೊಯಿ ಕೈಯನ್ನು ಬಿಟ್ಟು ಕಣ್ಣಿನ ಹಿಂದೆ ಹೋದರು. ಹಾಗೆ ಮುಖ ಮುಚ್ಚಿಕೊಂಡು ಕೂತವರು ಕದ್ದು ಆಡುವುದು ಹೇಗೆ? ಬೇಸರಕ್ಕೆ ಅಂತ ಆಡುವವರು ಅಷ್ಟೊಂದು ಸಿದ್ಧತೆ ಮಾಡಿಕೊಳ್ಳುವುದಿಲ್ಲ.

1996ರಲ್ಲಿ ನಿಂಟೆಂಡೋ ಬಿಟ್ಟು ಕೋಟೋ ಅನ್ನುವ ತಮ್ಮದೇ ಕಂಪನಿ ಶುರು ಮಾಡಿದರು. ಮರುವರ್ಷ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಅವರಿದ್ದ ಕಾರಿಗೆ ಸಣ್ಣ ಅಪಘಾತವಾಯಿತು. ಏನಾಯಿತು ನೋಡೋಣ ಅಂತ ಇಳಿದರು. ಹಿಂದಿನಿಂದ ಬಂದ ಇನ್ನೊಂದು ಕಾರು ಗುದ್ದಿತು. 56 ವರ್ಷ. ಕೊನೆಗೆ ಅವರು ಕೈಹಾಕಿದ್ದ ಬಂದೈ ಕಂಪನಿಯ ‘ವಂಡರ್‌ಸ್ವಾನ್’ 1999ರಲ್ಲಿ ಹೊರಬಂತು. ಒಂದೇ ಒಂದು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತಿತ್ತು. ಅದರ ಒಂದು ಆಟಕ್ಕೆ ‘ಗುನ್ಪೇ’ ಅಂತಲೇ ಹೆಸರಿಟ್ಟರು.

ಇಷ್ಟೆಲ್ಲದರಲ್ಲಿ ನನಗೊಂದನ್ನು ಆರಿಸಿಕೋ ಅಂದರೆ ಗೇಮ್ ಬಾಯ್ ಕೇಳುವುದಿಲ್ಲ. 1972ರಲ್ಲಿ ಅವರು ‘ಲೆಫ್ಟಿ ಆರ್‌ಎಕ್ಸ್’ ಅನ್ನುವ ರಿಮೋಟ್ ಕಾರು ಮಾಡಿದ್ದರು. ಆಗ ರಿಮೋಟ್ ಕಾರು ಅಂದರೆ ವಿಪರೀತ ದುಬಾರಿ, ಶ್ರೀಮಂತರ ಮಕ್ಕಳ ಸೊತ್ತು. ಯೊಕೊಯಿ ಬೆಲೆ ಇಳಿಸಲು ಒಂದೇ ಸಿಗ್ನಲ್ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಕಿತ್ತುಹಾಕಿದರು. ಗುಂಡಿ ಒತ್ತದಿದ್ದರೆ ನೇರ ಹೋಗುತ್ತದೆ, ಒತ್ತಿದರೆ ಎಡಕ್ಕೆ. ಬಲಕ್ಕೆ ತಿರುಗುವುದೇ ಇಲ್ಲ. ರೇಸಿನಲ್ಲಿ ಸುತ್ತು ಹೊಡೆಯಲು ಎಡ ಒಂದೇ ಸಾಕಲ್ಲ! ಬಲಕ್ಕೇ ಹೋಗಬೇಕು ಅನ್ನುವ ಹಟಮಾರಿಗಳು ಮೂರು ಸಲ ಎಡಕ್ಕೆ ತಿರುಗಿಸಿಕೊಂಡು ಬರಲಿ.